ಆಚಾರ್ಯರ ಅವತಾರವರ್ಷವೂ ಮಕ್ಕಳ ಪ್ರಮಾಣವಿಚಾರವೂ

ಮಾಘಮಾಸವು ಪ್ರವೇಶಿಸಿತೆಂದರೆ ನಮ್ಮ ದೇವಾಲಯಗಳಲ್ಲಿ ಮಧ್ವನವರಾತ್ರೋತ್ಸವದ ಸಂಭ್ರಮ. ಪ್ರಾತಃಕಾಲದಲ್ಲಿ ಸುಮಧ್ವವಿಜಯದ ಪಾರಾಯಣ, ಸಾಯಂಕಾಲದಲ್ಲಿ ವಿದ್ವಾಂಸರ ಪ್ರವಚನ, ನಡುವೆ ಬಾಲಕ ಬಾಲಿಕೆಯರಿಗಾಗಿ ಶ್ಲೋಕಕಂಠಪಾಠದ ಮತ್ತು ಪ್ರಶ್ನೋತ್ತರದ ಸ್ಪರ್ಧೆಗಳು. ಈ ಸ್ಪರ್ಧೆಗಳ ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸಿ ಉತ್ತರಗಳನ್ನು ತಿದ್ದುವ ಸೇವೆಯು ಬಹುಕಾಲದಿಂದ ನನ್ನ ಪಾಲಿಗೆ ಬಂದಿದೆ. ಸೇವೆಯೆಂದು ಹೇಳಿಕೊಳ್ಳುವುದು ಸುಲಭ. ಅದರಲ್ಲಿ ಒಂದು ಸಾರಿ ನಾನು ಎಸಗಿದ ಪ್ರಮಾದವೇ ಈ ಲೇಖನಕ್ಕೆ ನಿಮಿತ್ತವಾದುದರಿಂದ ಅದನ್ನು ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಶ್ರೀಮದಾಚಾರ್ಯರ ಅವತಾರವಾದ ವರ್ಷ ಯಾವುದು ಎಂಬುದು ಆ ಸಲದ ಪ್ರಶ್ನೆಗಳಲ್ಲೊಂದು. ನನ್ನ ಕೈಯಲ್ಲಿದ್ದ ಉತ್ತರದ ಚೀಟಿಯಲ್ಲಿ 1238 ಎಂದಿತ್ತು. ಬಹುಪಾಲು ಮಕ್ಕಳು ಹಾಗೆಯೇ ಬರೆದಿದ್ದರು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಮಾತ್ರ 1199 ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ “ಮಹಾಭಾರತತಾತ್ಪರ್ಯನಿರ್ಣಯದ ಕೊನೆಯ ಅಧ್ಯಾಯ ನೋಡಿ” ಎಂದು ಸೇರಿಸಿದ್ದಳು. ನಾನು ನೋಡಲಿಲ್ಲ. ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಮುಂದಿನ ಪತ್ರಿಕೆಗೆ ಕೈಹಾಕಿದೆ. ಆ ಒಂದು ಗುಣದ ವ್ಯತ್ಯಾಸದಿಂದ ಅವಳಿಗೆ ಬಹುಮಾನವು ತಪ್ಪಿತು.

ಮಾರನೆಯ ದಿನ ಅವಳ ತಾತನವರು ಮಗುವನ್ನು ಕರೆದುಕೊಂಡು ಬಂದರು. ಜಗಳಕ್ಕೆ ಬಂದವರಲ್ಲ. ಕಂಕುಳಲ್ಲಿ ಬಟ್ಟೆಯಿಂದ ಸುತ್ತಿದ ಹಳೆಯ ಪುಸ್ತಕವಿತ್ತು. “ಆಚಾರ್ರೇ, ಬಹುಮಾನದ ಮಾತಲ್ಲ. ಮಗು ತನ್ನ ಸ್ವಂತ ಮಾತನ್ನು ಬರೆದಿಲ್ಲ, ಆಚಾರ್ಯರ ಮಾತನ್ನು ಬರೆದಿದ್ದಾಳೆ. ಅದು ತಪ್ಪು ಅಂತ ನೀವು ಗೆರೆ ಎಳೆದಿದ್ದೀರಿ. ಯಾಕೆ ತಪ್ಪು ಅಂತ ಅವಳಿಗೆ ಹೇಳಿದರೆ ಸಾಕು” ಎಂದರು. ನನಗೆ ತಕ್ಷಣ ಉತ್ತರ ತೋಚಲಿಲ್ಲ. 1238 ಎಂಬುದು ನನಗೆ ಗೊತ್ತಿತ್ತೇ ಹೊರತು ಅದು ಹೇಗೆ ಗೊತ್ತಾಯಿತೆಂಬುದು ಗೊತ್ತಿರಲಿಲ್ಲ. ಒಂದು ಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಮಗುವಾದರೋ ತನ್ನ ಉತ್ತರದ ಆಧಾರವನ್ನು ತೋರಿಸಿದ್ದಳು. ಆಧಾರವಿಲ್ಲದವನು ಆಧಾರವಿದ್ದವಳ ಉತ್ತರವನ್ನು ಹೊಡೆದುಹಾಕಿದಂತಾಯಿತು.

ಈ ಸಂಗತಿಯು ಬಾಯಿಂದ ಬಾಯಿಗೆ ಹರಡಿ, ಮತ್ತೊಬ್ಬ ಮಹನೀಯರು ಬೇರೊಂದು ಆಕ್ಷೇಪವನ್ನು ತಂದರು. ಅವರೂ ಶ್ರದ್ಧಾವಂತರು, ಇಬ್ಬರು ಮಕ್ಕಳನ್ನು ನಮ್ಮ ಭಾನುವಾರದ ತರಗತಿಗೆ ಕಳುಹಿಸುವವರು. ಎರಡು ವರ್ಷಗಳ ಚರ್ಚೆಯನ್ನು ಮಕ್ಕಳ ಮುಂದೆ ಎತ್ತಲೇಬಾರದೆಂದು ಅವರ ಅಭಿಪ್ರಾಯ. “ಇಂದು ಆಚಾರ್ಯರ ವರ್ಷದ ವಿಷಯದಲ್ಲಿ ಸಂಶಯ ಕಲಿಸಿದರೆ ನಾಳೆ ಆಚಾರ್ಯರ ವಿಷಯದಲ್ಲೇ ಸಂಶಯ ಬರುತ್ತದೆ. ಶಾಲೆಯಲ್ಲಿ ಸಂಶಯ ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿಯಾದರೂ ಮಕ್ಕಳು ನಿಶ್ಚಯವಾಗಿ ಏನಾದರೂ ಕಲಿಯಲಿ” ಎಂದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೈಯಲ್ಲಿನ ಯಂತ್ರದಲ್ಲಿ ಕ್ಷಣಕ್ಕೊಂದು ಸುದ್ದಿಯನ್ನು ಓದುವ ಈ ಕಾಲದ ಮಗುವಿಗೆ, ಯಾವುದೂ ಸ್ಥಿರವಲ್ಲವೆಂಬ ಭಾವನೆಯು ಹೇಳಿಕೊಡದೆಯೇ ಬಂದುಬಿಡುತ್ತದೆ. ಅದಕ್ಕೆ ದೇವಾಲಯದವರೂ ತಮ್ಮ ಪಾಲು ಸೇರಿಸಬೇಕೆ?

ಹಾಗಾದರೆ ಮಕ್ಕಳಿಗೆ ಆಧಾರಗಳನ್ನು ತೂಗಿನೋಡುವುದನ್ನು ಕಲಿಸುವುದು ಶ್ರದ್ಧೆಗೆ ವಿರುದ್ಧವೇ? ಇದೇ ಪ್ರಕೃತ ವಿಚಾರ.

ನಮ್ಮ ಶಾಸ್ತ್ರದ ಪಾಠಕ್ರಮವು ಪ್ರಮಾಣವಿಚಾರದಿಂದಲೇ ಪ್ರಾರಂಭವಾಗುತ್ತದೆಂಬುದನ್ನು ಮೊದಲು ನೆನೆಯಬೇಕು. ಶ್ರೀಮದಾಚಾರ್ಯರು ಪ್ರಮಾಣಲಕ್ಷಣವನ್ನು ರಚಿಸಿದರು. ಶ್ರೀಜಯತೀರ್ಥರು ಬಾಲರಿಗೂ ತಿಳಿಯಲೆಂದು ಪ್ರಮಾಣಪದ್ಧತಿಯನ್ನು ರಚಿಸಿದರು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಅನುಪ್ರಮಾಣಗಳನ್ನು ಅರಿಯದೆ ಪ್ರಮೇಯದ ಮಾತೇ ಇಲ್ಲ. ತಿಳಿದದ್ದು ಇಂಥದ್ದು ಎಂಬುದಕ್ಕಿಂತ ಮುಂಚೆ, ಅದನ್ನು ಹೇಗೆ ತಿಳಿದೆವು ಎಂಬುದನ್ನು ಕೇಳುವ ಸಂಪ್ರದಾಯ ನಮ್ಮದು. ಇದು ಇಂದಿನ ಶಾಲೆಗಳಿಂದ ಎರವಲು ತಂದ ಪದ್ಧತಿಯಲ್ಲ.

ಆಗಮದಲ್ಲಿಯೂ ನಮ್ಮವರು ಒಂದು ವಿಭಾಗವನ್ನು ಮಾಡಿದ್ದಾರೆ. ಅಪೌರುಷೇಯವಾದ ವೇದಕ್ಕೆ ಕರ್ತೃವಿಲ್ಲದುದರಿಂದ ಕರ್ತೃದೋಷದ ಶಂಕೆಯೂ ಇಲ್ಲ. ಪೌರುಷೇಯವಾಕ್ಯದ ಪ್ರಾಮಾಣ್ಯಕ್ಕಾದರೋ ವಕ್ತೃವು ಆಪ್ತನಾಗಿರಬೇಕು. ಹೇಳುವ ವಿಷಯವನ್ನು ಅವನು ಸರಿಯಾಗಿ ತಿಳಿದಿರಬೇಕು, ಅದನ್ನು ಹೇಳುವ ಇಚ್ಛೆಯಿರಬೇಕು, ಹೇಳುವ ಸಾಮರ್ಥ್ಯವಿರಬೇಕು, ವಂಚಿಸುವ ಬುದ್ಧಿ ಇರಬಾರದು. ಈ ನಾಲ್ಕು ಮಾತುಗಳನ್ನು ಮಕ್ಕಳಿಗೆ ಕಲಿಸಿ ನೋಡಿರಿ. ಯಾರೋ ಕಳುಹಿಸಿದ ಸಂದೇಶವಾಗಲಿ, ವೃತ್ತಪತ್ರಿಕೆಯ ವಾರ್ತೆಯಾಗಲಿ, ಸ್ಥಳಪುರಾಣದ ಕಿರುಹೊತ್ತಗೆಯಾಗಲಿ, ಅವರು ತಾವೇ ಕೇಳತೊಡಗುತ್ತಾರೆ: ಇದನ್ನು ಬರೆದವರಿಗೆ ಇದು ಗೊತ್ತಾಗುವ ದಾರಿ ಯಾವುದು? ಹೀಗೆ ಹೇಳುವುದರಿಂದ ಅವರಿಗೆ ಬೇರೇನಾದರೂ ಪ್ರಯೋಜನವಿದೆಯೆ?

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನವು ತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದಲ್ಲಿದೆ. ಗ್ರಂಥಗಳಲ್ಲಿ ಕೆಲವರು ಇಲ್ಲದ್ದನ್ನು ಸೇರಿಸುತ್ತಾರೆ, ಕೆಲವು ಕಡೆ ಇದ್ದದ್ದನ್ನು ಬಿಟ್ಟುಬಿಡುತ್ತಾರೆ, ಕೆಲವು ಕಡೆ ಸ್ಥಾನಪಲ್ಲಟ ಮಾಡುತ್ತಾರೆ, ಪ್ರಮಾದದಿಂದಲೂ ಅನ್ಯಥಾ ಮಾಡುತ್ತಾರೆ ಎಂದು ಆಚಾರ್ಯರು ಅಲ್ಲಿ ತಿಳಿಸಿ, ತಾವು ನಾನಾ ದೇಶಗಳ ಗ್ರಂಥಗಳನ್ನು ನೋಡಿ ನಿರ್ಣಯವನ್ನು ಹೇಳುತ್ತಿರುವುದಾಗಿ ಹೇಳಿದ್ದಾರೆ. ಮಹಾಭಾರತದಂತಹ ಪೂಜ್ಯಗ್ರಂಥದ ಪಾಠದ ವಿಷಯದಲ್ಲಿಯೇ ಈ ಎಚ್ಚರಿಕೆ! ಗ್ರಂಥದಲ್ಲಿ ಭಕ್ತಿಯಿರುವುದರಿಂದಲೇ ಅದರ ಪಾಠವನ್ನು ಶೋಧಿಸಬೇಕಾಯಿತು. ಆಚಾರ್ಯರ ಸರ್ವಮೂಲಗ್ರಂಥಗಳಿಗೂ ಈ ಸೇವೆ ಸಂದಿದೆ. ಅವರ ಸಾಕ್ಷಾತ್ ಶಿಷ್ಯರಾದ ಶ್ರೀಹೃಷೀಕೇಶತೀರ್ಥರ ಪರಂಪರೆಯಲ್ಲಿ ಉಳಿದುಬಂದ ತಾಳೆಯೋಲೆಗಳನ್ನು ಆಧರಿಸಿ ವಿದ್ವಾನ್ ಬನ್ನಂಜೆ ಗೋವಿಂದಾಚಾರ್ಯರು ಮೂಲಪಾಠವನ್ನು ಸಂಪಾದಿಸಿಕೊಟ್ಟುದು ಎಲ್ಲರಿಗೂ ತಿಳಿದಿದೆ. ಅಚ್ಚಾದದ್ದೆಲ್ಲ ಸರಿಯೆಂದು ಕೈಮುಗಿದು ಕುಳಿತಿದ್ದರೆ ಆ ಕಾರ್ಯವು ಆಗುತ್ತಿರಲಿಲ್ಲ.

ಇಷ್ಟು ಮನವರಿಕೆಯಾದ ಮೇಲೆ, ಅದೇ ಬಾಲಿಕೆಯನ್ನೂ ಇತರ ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳನ್ನೂ ಕೂಡಿಸಿಕೊಂಡು ಅವತಾರವರ್ಷದ ಪ್ರಶ್ನೆಯನ್ನೇ ಪಾಠವಾಗಿ ಇಟ್ಟುಕೊಂಡೆ. ಉತ್ತರವನ್ನು ಹೇಳಿಬಿಡದೆ ಆಧಾರಗಳನ್ನು ಒಂದೊಂದಾಗಿ ಮುಂದಿಡುವುದೆಂದು ನಿಶ್ಚಯಿಸಿದೆ. ಪಾಠವು ನಡೆದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಏಕೆಂದರೆ ತೂಗುವುದು ಹೇಗೆಂಬುದು ಸೂತ್ರದಿಂದ ತಿಳಿಯುವುದಿಲ್ಲ.

ಮೊದಲನೆಯ ಆಧಾರವು ಆಚಾರ್ಯರ ವಾಕ್ಯವೇ. ತಾತ್ಪರ್ಯನಿರ್ಣಯದ 32ನೆಯ ಅಧ್ಯಾಯದ ಕೊನೆಯ ಭಾಗದಲ್ಲಿ, ಕಲಿಯುಗದಲ್ಲಿ 4300 ವರ್ಷಗಳು ಕಳೆದಾಗ ಅವತಾರವಾಯಿತೆಂಬ ಅರ್ಥದ ಶ್ಲೋಕವಿದೆ. ಲೆಕ್ಕ ಹಾಕಿದರೆ ಕ್ರಿ. ಶ. 1199 ಬರುತ್ತದೆ. ಇದಕ್ಕಿಂತ ಮಿಗಿಲಾದ ಆಪ್ತವಾಕ್ಯ ಯಾವುದು? ಬಾಲಿಕೆಯ ಪಕ್ಷವು ಬಲವಾಗಿಯೇ ಇದೆಯೆಂದು ತರಗತಿಯ ಮುಂದೆ ಒಪ್ಪಿಕೊಂಡೆ.

ಎರಡನೆಯದು ಮಠಗಳ ಪರಂಪರೆಯ ಪಟ್ಟಿ. ವಿಳಂಬಿ ಸಂವತ್ಸರದಲ್ಲಿ ಅವತಾರ, 79 ವರ್ಷಗಳು ಕಳೆದು ಪಿಂಗಳ ಸಂವತ್ಸರದ ಮಾಘ ಶುದ್ಧ ನವಮಿಯಂದು ಅದೃಶ್ಯರಾದುದು, ಇದು ಪಟ್ಟಿಯ ಸಾರ. ಇಲ್ಲಿ ಮಕ್ಕಳ ಕೈಗೆ ಪಂಚಾಂಗವನ್ನು ಕೊಟ್ಟೆ. ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರಳುತ್ತವೆ. 2018ನೆಯ ಇಸವಿಯ ಯುಗಾದಿಗೆ ಬಂದದ್ದು ವಿಳಂಬಿ. ಅದರಿಂದ ಹದಿಮೂರು ಅರವತ್ತು, ಅಂದರೆ 780 ಕಳೆದರೆ 1238. ಪಿಂಗಳವು 1977ರಲ್ಲಿ ಬಂದಿತ್ತು, ತಾತಂದಿರಿಗೆ ನೆನಪಿರುತ್ತದೆ. ಅದರಿಂದ 660 ಕಳೆದರೆ 1317. ಎರಡರ ನಡುವೆ ಸರಿಯಾಗಿ 79. ಮಕ್ಕಳಿಗೆ ಆದ ಆನಂದವನ್ನು ಹೇಳತೀರದು. ಅವರೇ ಮುಂದುವರಿದು 1199 ಯಾವ ಸಂವತ್ಸರವೆಂದು ನೋಡಿದರು. ಸಿದ್ಧಾರ್ಥಿ. ಅದಕ್ಕೆ 79 ಕೂಡಿಸಿದ 1278 ಬಹುಧಾನ್ಯ. ವಿಳಂಬಿಯೂ ಇಲ್ಲ, ಪಿಂಗಳವೂ ಇಲ್ಲ.

ಆದರೆ ಹೆಸರು ಸರಿಹೊಂದಿದ ಮಾತ್ರಕ್ಕೆ ಮುಗಿಯಲಿಲ್ಲ. ವಿಳಂಬಿಯು 1238ರಲ್ಲಿ ಬಂದಂತೆ 1178ರಲ್ಲಿಯೂ 1118ರಲ್ಲಿಯೂ ಬಂದಿದೆ. ಪಟ್ಟಿಗಳಲ್ಲಿ ಕಾಣುವ ಶಕವರ್ಷವಾದರೋ 1238ಕ್ಕೆ ಹೊಂದುವುದಿಲ್ಲ. ಅದೃಶ್ಯರಾದುದು ಶಕ 1119, ಅಂದರೆ 1197ರ ಪಿಂಗಳವೆಂದು ಅಲ್ಲಿದೆ. ಹಾಗಾದರೆ ಅವತಾರವು 1118ಕ್ಕೆ ಹೋಗುತ್ತದೆ. ರಾಮಕೃಷ್ಣ ಗೋಪಾಲ ಭಂಡಾರಕರರು 1913ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ತೊಡಕನ್ನು ಚರ್ಚಿಸಿ, ಶಕ 1119 ಎಂಬುದನ್ನು ಅದೃಶ್ಯರಾದ ವರ್ಷವೆಂದು ಎಣಿಸದೆ ಅವತಾರದ ವರ್ಷವೆಂದು ತೆಗೆದುಕೊಂಡು 1197ರಿಂದ 1276 ಎಂದು ನಿರ್ಣಯಿಸಿದರು. ಹೀಗೆ ಒಂದೇ ಪಟ್ಟಿಯಿಂದ ಬೇರೆ ಬೇರೆ ಕಾಲಗಳು ಹೊರಟವು. ಪಟ್ಟಿ ಬರೆದವರು ಸುಳ್ಳು ಹೇಳಿದರೆ? ಖಂಡಿತ ಇಲ್ಲ. ಸಂವತ್ಸರದ ಹೆಸರು ಉತ್ಸವದೊಂದಿಗೆ ಸೇರಿ ವರ್ಷವರ್ಷವೂ ಬಾಯಲ್ಲಿ ಉಳಿಯುವಂಥದು. ಶಕವರ್ಷವನ್ನು ಮುಂದಿನವರು ಎಣಿಸಿ ಸೇರಿಸಿರಬಹುದು, ಎಣಿಕೆಯಲ್ಲಿ ಎರಡು ಆವೃತ್ತಿ ತಪ್ಪಿರಬಹುದು. ಇದು ನನ್ನ ಊಹೆ, ಊಹೆಯೆಂದೇ ಮಕ್ಕಳಿಗೂ ಹೇಳಿದೆ. ಒಂದು ಆಧಾರದಲ್ಲಿ ಒಂದು ಅಂಶವು ದೃಢವಾಗಿದ್ದು ಇನ್ನೊಂದು ಅಂಶವು ದುರ್ಬಲವಾಗಿರುವುದುಂಟು. ಪೂರ್ತಿ ಒಪ್ಪುವುದು ಅಥವಾ ಪೂರ್ತಿ ತಳ್ಳುವುದು, ಎರಡೇ ದಾರಿಯೆಂದು ಮಕ್ಕಳು ಭಾವಿಸಬಾರದು.

ಮೂರನೆಯ ಆಧಾರವು ಶಿಲೆಯದು. ಈಗಿನ ಆಂಧ್ರಪ್ರದೇಶದ ಶ್ರೀಕೂರ್ಮದ ದೇವಾಲಯದಲ್ಲಿ ಶ್ರೀನರಹರಿತೀರ್ಥರ ಸಂಸ್ಕೃತ ಶಾಸನವಿದೆ. ಶಕ 1203, ಅಂದರೆ 1281ರಲ್ಲಿ ಅವರು ಯೋಗಾನಂದನರಸಿಂಹನನ್ನು ಅಲ್ಲಿ ಪ್ರತಿಷ್ಠಾಪಿಸಿದ ವಿಷಯವನ್ನೂ ಗುರುಪರಂಪರೆಯ ಸ್ತುತಿಯನ್ನೂ ಅದು ಹೇಳುತ್ತದೆ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಶ್ರೀಕೂರ್ಮ, ಸಿಂಹಾಚಲಗಳ ಇತರ ಶಾಸನಗಳಿಂದ ಅವರು 1290ರ ದಶಕದವರೆಗೂ ಕಳಿಂಗದಲ್ಲಿದ್ದುದು ತಿಳಿಯುತ್ತದೆ. ಈ ಶಾಸನವನ್ನು ಹಲಗೆಯ ಮೇಲೆ ಬರೆದ ಕೂಡಲೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಮೇಷ್ಟ್ರೇ, ಹಾಗಾದರೆ 1118 ಆಗುವುದೇ ಇಲ್ಲ” ಎಂದನು. ಹೇಗೆಂದು ಕೇಳಿದೆ. ಶ್ರೀಪದ್ಮನಾಭತೀರ್ಥರು ಏಳು ವರ್ಷ, ಅವರ ಅನಂತರ ಶ್ರೀನರಹರಿತೀರ್ಥರು ಒಂಬತ್ತು ವರ್ಷ ಪೀಠದಲ್ಲಿದ್ದರೆಂದು ಪಟ್ಟಿಯೇ ಹೇಳುತ್ತದಲ್ಲ. 1197ಕ್ಕೆ ಹದಿನಾರು ಕೂಡಿಸಿದರೆ 1213. ಆಗಲೇ ಮುಗಿದುಹೋದವರು 1281ರಲ್ಲಿ ಶಾಸನ ಹೇಗೆ ಬರೆಸಿದರು? ಉತ್ತರವು ನಿರವದ್ಯವಾಗಿತ್ತು. ಒಂದು ಪಕ್ಷವು ಅಲ್ಲಿಗೆ ಬಿದ್ದುಹೋಯಿತು.

ಉಳಿದವು 1199 ಮತ್ತು 1238. ನಾನು ಶಾಸನವು 1238ರ ಪಕ್ಷಕ್ಕೆ ಸಾಧಕವೆಂದು ಹೇಳಹೊರಟಾಗ ಬಾಲಿಕೆಯು ತಡೆದಳು. “ಶಾಸನ 1281ರಲ್ಲಿ ನರಹರಿತೀರ್ಥರಿದ್ದರು ಅಂತ ಮಾತ್ರ ಹೇಳುತ್ತದೆ, ಮೇಷ್ಟ್ರೇ. ಆಗ ಆಚಾರ್ಯರು ಇದ್ದರು ಅಂತ ಹೇಳುವುದಿಲ್ಲವಲ್ಲ. 1278ರಲ್ಲಿ ಆಚಾರ್ಯರು ಅದೃಶ್ಯರಾಗಿ, ಶಿಷ್ಯರು ಮೂರು ವರ್ಷದ ಮೇಲೆ ಗುಡಿ ಕಟ್ಟಿಸಬಾರದೆ?” ಅವಳ ಮಾತು ಸರಿ. ಶಾಸನವು ಹೇಳಿದ್ದೆಷ್ಟು, ನಾವು ಅದರಿಂದ ತೆಗೆದದ್ದೆಷ್ಟು ಎಂಬ ಗೆರೆಯನ್ನು ನಾನು ಅಳಿಸಿಬಿಟ್ಟಿದ್ದೆ. ಕಲ್ಲಿನ ಮೇಲಿನ ಅಕ್ಷರವು ಗಟ್ಟಿಯೆಂದು, ಅದರ ಮೇಲೆ ನಾವು ಕಟ್ಟಿದ ಅನುಮಾನವೂ ಗಟ್ಟಿಯೆಂಬ ಭ್ರಮೆ ದೊಡ್ಡವರಿಗೇ ಹೆಚ್ಚು.

ಹೀಗಿರಲು 1238ರ ಪಕ್ಷದವರು ಇನ್ನೊಂದು ಕೊಂಡಿಯನ್ನು ಕೂಡಿಸಬೇಕಾಗುತ್ತದೆ. ಶ್ರೀನರಹರಿತೀರ್ಥರು ಕಳಿಂಗದಿಂದ ಮೂಲರಾಮ ಸೀತಾ ಪ್ರತಿಮೆಗಳನ್ನು ತಂದು ಆಚಾರ್ಯರಿಗೆ ಸಮರ್ಪಿಸಿದರೆಂಬುದು ನಮ್ಮಲ್ಲಿ ನಡೆದುಬಂದ ಐತಿಹ್ಯ. 1290ರ ದಶಕದವರೆಗೂ ಅವರು ಕಳಿಂಗದಲ್ಲಿದ್ದರೆ, ಹಿಂದಿರುಗಿ ಸಮರ್ಪಿಸಿದಾಗ ಆಚಾರ್ಯರು ಈ ಭೂಮಿಯಲ್ಲಿ ಇದ್ದಿರಲೇಬೇಕು. ಆದುದರಿಂದ 1278 ಹೊಂದುವುದಿಲ್ಲ. ಶಾಸನವೊಂದೇ ಸಾಲದು, ಐತಿಹ್ಯವೊಂದೇ ಸಾಲದು, ಎರಡೂ ಸೇರಿದರೆ ವಾದವು ನಿಲ್ಲುತ್ತದೆ. ಮತ್ತೊಂದು ಪೋಷಕವೂ ಉಂಟು. ಸುಮಧ್ವವಿಜಯವು ಎಲ್ಲಿಯೂ ಇಸವಿಯನ್ನಾಗಲಿ ಶಕವನ್ನಾಗಲಿ ಹೇಳುವುದಿಲ್ಲ. ಆದರೆ ಹತ್ತನೆಯ ಸರ್ಗದಲ್ಲಿ ಈಶ್ವರದೇವನೆಂಬ ರಾಜನ ಪ್ರಸಂಗವಿದೆ. ದಾರಿಹೋಕರಿಂದ ಕೆರೆ ತೋಡಿಸುತ್ತಿದ್ದ ಆತನು ಆಚಾರ್ಯರನ್ನೂ ತೋಡಲು ಹೇಳಿ, ತೋರಿಸಿಕೊಡುವ ನೆಪದಲ್ಲಿ ತಾನೇ ತೋಡುತ್ತ ನಿಂತ ಕಥೆಯು ಮಕ್ಕಳಿಗೆ ಪ್ರಿಯವಾದದ್ದು. ದೇವಗಿರಿಯಲ್ಲಿ 1260ರಿಂದ ಸುಮಾರು ಹತ್ತು ವರ್ಷ ಆಳಿದ ಯಾದವ ಮಹಾದೇವನೇ ಈತನೆಂದು ವಿದ್ವಾಂಸರು ಗುರುತಿಸುತ್ತಾರೆ. ಆಗ ಆಚಾರ್ಯರ ವಯಸ್ಸು ಒಂದು ಪಕ್ಷದಲ್ಲಿ ಇಪ್ಪತ್ತು ಮೂವತ್ತರ ನಡುವೆ, ಇನ್ನೊಂದು ಪಕ್ಷದಲ್ಲಿ ಅರವತ್ತರ ಮೇಲೆ. ಇದು ನಿರ್ಣಾಯಕವಲ್ಲ, ಪೋಷಕವಷ್ಟೆ.

ಹಾಗಾದರೆ ಆಚಾರ್ಯರ ವಾಕ್ಯವನ್ನೇನು ಮಾಡುವುದು? ತಾತನವರ ಪ್ರಶ್ನೆಯು ಇಲ್ಲಿಯೇ ಇತ್ತು. ಇದಕ್ಕೆ ನಮ್ಮ ಶಾಸ್ತ್ರದ ಸಾವಕಾಶ, ನಿರವಕಾಶ ಎಂಬ ವಿವೇಕವು ನೆರವಾಗುತ್ತದೆ. ಎರಡು ಪ್ರಮಾಣಗಳು ವಿರೋಧಿಸುವಂತೆ ಕಂಡಾಗ, ಬೇರೊಂದು ಅರ್ಥಕ್ಕೆ ಅವಕಾಶವುಳ್ಳದ್ದನ್ನು ಅವಕಾಶವಿಲ್ಲದ್ದಕ್ಕೆ ಹೊಂದುವಂತೆ ಅರ್ಥೈಸಬೇಕು, ಯಾವುದನ್ನೂ ಸುಳ್ಳೆನ್ನಬೇಕಾಗಿಲ್ಲ. 4300 ವರ್ಷಗಳು ಕಳೆದಾಗ ಎಂಬುದಕ್ಕೆ ಸರಿಯಾಗಿ 4300 ತುಂಬಿದಾಗ ಎಂಬ ಅರ್ಥವಿರುವಂತೆ, 4300 ಕಳೆದು ಮುಂದಿನ ಶತಮಾನವು ನಡೆಯುತ್ತಿದ್ದಾಗ ಎಂಬ ಅರ್ಥಕ್ಕೂ ಎಡೆಯಿದೆ. ವಿಳಂಬಿ, ಪಿಂಗಳ ಎಂಬ ಹೆಸರುಗಳಿಗಾಗಲಿ, ಶಕ 1203 ಎಂಬ ಅಂಕಿಗಾಗಲಿ ಆ ಬಗೆಯ ಎಡೆಯಿಲ್ಲ. ಡಾ. ಬಿ. ಎನ್. ಕೆ. ಶರ್ಮರು ದ್ವೈತವಾಙ್ಮಯದ ಚರಿತ್ರೆಯಲ್ಲಿ 1238ರಿಂದ 1317 ಎಂದು ಪ್ರತಿಪಾದಿಸುವಾಗ ಶ್ಲೋಕವನ್ನು ಸ್ಥೂಲವಾದ ಶತಮಾನನಿರ್ದೇಶವೆಂದೇ ಗ್ರಹಿಸಿದ್ದಾರೆ. ನನ್ನ ಮನಸ್ಸೂ ಅತ್ತಲೇ ವಾಲುತ್ತದೆ. ಆದರೆ ಶ್ಲೋಕದ ಋಜುವಾದ ಅರ್ಥವು 1199ರ ಕಡೆಗಿದೆಯೆಂಬುದನ್ನೂ, ಆ ಪಕ್ಷವನ್ನು ಹಿಡಿದ ವಿದ್ವಾಂಸರು ಅವಿವೇಕಿಗಳಲ್ಲವೆಂಬುದನ್ನೂ ಮಕ್ಕಳಿಂದ ಮುಚ್ಚಿಡುವುದು ನ್ಯಾಯವಲ್ಲ.

ಇಷ್ಟಾದ ಮೇಲೆ ಅಂಜಿದ ಆ ಮಹನೀಯರ ಆಕ್ಷೇಪಕ್ಕೆ ಬರುತ್ತೇನೆ. ಪಾಠ ಮುಗಿದಾಗ ಒಬ್ಬ ಬಾಲಕನು, “ಅಂದರೆ ಅವರವರಿಗೆ ತೋಚಿದ್ದು ಅವರವರಿಗೆ ಸರಿ, ಅಲ್ಲವೆ ಮೇಷ್ಟ್ರೇ?” ಎಂದು ಕೇಳಿದನು. ಅವರು ಹೆದರಿದ್ದು ಇದಕ್ಕೇ. ಇದು ನಿಜವಾದ ಅಪಾಯ. ಎರಡು ಪಕ್ಷಗಳನ್ನು ಹೇಳಿ ಉಪಾಧ್ಯಾಯನು ಕೈತೊಳೆದುಕೊಂಡರೆ ಮಕ್ಕಳು ಇದನ್ನೇ ಕಲಿಯುತ್ತಾರೆ. ನಾನು ಅವನಿಗೆ ಹೇಳಿದ್ದು ಇಷ್ಟು: ಅಭಿಪ್ರಾಯಗಳು ಎರಡಿವೆ, ವರ್ಷವು ಎರಡಿಲ್ಲ. ಪಾಜಕದಲ್ಲಿ ಆ ಮಗುವು ಹುಟ್ಟಿದ್ದು ಯಾವುದೋ ಒಂದು ವರ್ಷದ ಒಂದು ದಿನ. ನಾವು ಏನೆಂದುಕೊಂಡರೂ ಅದು ಬದಲಾಗುವುದಿಲ್ಲ. ಜಗತ್ತು ಸತ್ಯ, ಭೇದವು ಸತ್ಯ ಎಂದು ಹೇಳುವ ಸಿದ್ಧಾಂತದಲ್ಲಿ ಹುಟ್ಟಿದವರು, ವಸ್ತುವು ನೋಡುವವನ ಮನಸ್ಸಿನಂತೆ ಇರುತ್ತದೆಂದು ಹೇಗೆ ಒಪ್ಪಿಯಾರು? ಒಬ್ಬರ ಮಾತು ಸರಿ, ಇನ್ನೊಬ್ಬರದು ತಪ್ಪು, ಅಥವಾ ಇಬ್ಬರದೂ ತಪ್ಪು. ಯಾವುದೆಂದು ಹುಡುಕುವ ಶ್ರಮವೇ ತೂಗುವುದು. ಎಲ್ಲವೂ ಸಮವೆಂದರೆ ತಕ್ಕಡಿಯೇ ಬೇಡವಲ್ಲ.

ಶ್ರದ್ಧೆಯ ವಿಷಯದಲ್ಲಿಯೂ ಒಂದು ಮಾತು. ಅತೀಂದ್ರಿಯವಾದ ವಿಷಯದಲ್ಲಿ ಆಗಮವೇ ಗತಿ. ಅಲ್ಲಿ ಪಂಚಾಂಗವನ್ನು ಹಿಡಿದು ಎಣಿಸಲಾಗದು. ಹುಟ್ಟಿದ ವರ್ಷವು ಆ ಜಾತಿಯದಲ್ಲ; ನೋಡಿದವರು, ಕೇಳಿದವರು, ಕೆತ್ತಿಸಿದವರು ಇದ್ದ ವಿಷಯ. ಪ್ರಶ್ನೆಯು ಯಾವ ಜಾತಿಯದು, ಅದಕ್ಕೆ ಯಾವ ಪ್ರಮಾಣವು ತಕ್ಕದ್ದು ಎಂಬ ವಿಭಾಗವನ್ನು ಮಗುವಿಗೆ ಕೊಟ್ಟರೆ, ವರ್ಷದಿಂದ ಆರಂಭವಾದ ವಿಚಾರವು ವೇದವನ್ನು ನುಂಗುವುದಿಲ್ಲ. ಕೊಡದಿದ್ದರೆ ನುಂಗೀತು. ಮುಚ್ಚಿಟ್ಟದ್ದನ್ನು ಮುಂದೊಂದು ದಿನ ಬೇರೆಯವರ ಬಾಯಿಂದ, ಅದೂ ಪರಿಹಾಸದ ಧ್ವನಿಯಲ್ಲಿ ಕೇಳಿದ ಯುವಕನು, ಮನೆಯವರು ಹೇಳಿದ್ದೆಲ್ಲ ಹೀಗೆಯೇ ಇರಬೇಕೆಂದು ತೀರ್ಮಾನಿಸಿದುದನ್ನು ನಾನು ಕಂಡಿದ್ದೇನೆ. ತೀರ ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೆಂದು ನನ್ನ ಅಭಿಪ್ರಾಯವಲ್ಲ. ಎಂಟು ವರ್ಷದ ವಟುವಿಗೆ ಕೆರೆ ತೋಡಿದ ರಾಜನ ಕಥೆಯೇ ಸಾಕು.

ಭಿನ್ನಪಕ್ಷವನ್ನು ಕೇಳುವ ಶಿಸ್ತಿಗೆ ನಮ್ಮಲ್ಲಿ ಪೂರ್ವಪಕ್ಷವೆಂದು ಹೆಸರು. ಶ್ರೀವ್ಯಾಸತೀರ್ಥರ ನ್ಯಾಯಾಮೃತವನ್ನು ಮಧುಸೂದನಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಸಾಲುಸಾಲಾಗಿ ಎದುರಿಸಿದರು. ಅದಕ್ಕೆ ವ್ಯಾಸರಾಮಾಚಾರ್ಯರು ತರಂಗಿಣಿಯಲ್ಲಿ ಉತ್ತರವಿತ್ತರು. ಅದಕ್ಕೆ ಬ್ರಹ್ಮಾನಂದರು ಪ್ರತ್ಯುತ್ತರವಿತ್ತರು. ರಾಮಾಚಾರ್ಯರು ಮಧುಸೂದನರ ಬಳಿಯೇ ಹೋಗಿ ಅವರ ಗ್ರಂಥವನ್ನು ಪಾಠ ಕೇಳಿದರೆಂದು ಐತಿಹ್ಯ. ಐತಿಹ್ಯವೆಂದೇ ಬರೆಯುತ್ತೇನೆ, ಮಕ್ಕಳಿಗೂ ಇದು ಶಾಸನ, ಇದು ಗ್ರಂಥವಾಕ್ಯ, ಇದು ಐತಿಹ್ಯ, ಇದು ನನ್ನ ಊಹೆ ಎಂದು ಬಿಡಿಸಿ ಹೇಳುವ ಅಭ್ಯಾಸವನ್ನು ಮಾಡಿಸುತ್ತಿದ್ದೇನೆ. ಇಂದಿಗೂ ಪಾಠಶಾಲೆಗಳಲ್ಲಿ ನ್ಯಾಯಾಮೃತದ ಪಕ್ಕದಲ್ಲಿ ಅದ್ವೈತಸಿದ್ಧಿಯನ್ನು ತೆರೆದಿಟ್ಟುಕೊಳ್ಳುವವರಿದ್ದಾರೆ. ಪ್ರತಿಪಕ್ಷದವನು ತನ್ನ ಮಾತನ್ನು ಗುರುತಿಸಿಕೊಳ್ಳುವಂತೆ ಪೂರ್ವಪಕ್ಷವನ್ನು ಬರೆಯದವನ ಸಿದ್ಧಾಂತವನ್ನು ಯಾರು ಗೌರವಿಸುತ್ತಾರೆ?

ಮುಂದಿನ ವಾರ ಮಕ್ಕಳನ್ನು ಎರಡು ಗುಂಪು ಮಾಡಿ, 1238 ಎಂದು ಬರೆದಿದ್ದವರಿಗೆ 1199ರ ಪಕ್ಷವನ್ನೂ, ಬಾಲಿಕೆಗೆ 1238ರ ಪಕ್ಷವನ್ನೂ ಒಪ್ಪಿಸಿದೆ. ಒಬ್ಬ ಜಾಣನು ತನಗೆ ಒಪ್ಪಿಸಿದ ಪಕ್ಷವನ್ನು ಬೇಕೆಂದೇ ಬಡವಾಗಿ ಮಂಡಿಸಿ ಎಲ್ಲರನ್ನೂ ನಗಿಸಿದನು. ಅವನನ್ನು ಗದರಿಸಿದೆನೆಂದು ಒಪ್ಪಿಕೊಳ್ಳಬೇಕು. ಆಮೇಲೆ ವಾದ, ಜಲ್ಪ, ವಿತಂಡಗಳ ಭೇದವನ್ನು ಕಥಾಲಕ್ಷಣದ ಕ್ರಮದಲ್ಲಿ ಹೇಳಿ, ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದದಲ್ಲಿ ಸೋತವನಿಗೂ ಲಾಭವೇ ಎಂದೆ. ಅವನಿಗೆ ಎಷ್ಟು ನಾಟಿತೋ ತಿಳಿಯದು. ಬಾಲಿಕೆಯು ಮಾತ್ರ ತನ್ನದಲ್ಲದ ಪಕ್ಷವನ್ನು ಚೆನ್ನಾಗಿ ಮಂಡಿಸಿದಳು. ಅಷ್ಟೇ ಅಲ್ಲ, ಪಿಂಗಳ ಸಂವತ್ಸರವು 1317ರ ಯುಗಾದಿಗೆ ಆರಂಭವಾದರೆ ಅದರ ಮಾಘಮಾಸವು ಇಂಗ್ಲಿಷ್ ಲೆಕ್ಕದಲ್ಲಿ 1318ಕ್ಕೆ ಬರಬೇಕಲ್ಲವೆ, ಪುಸ್ತಕಗಳಲ್ಲೆಲ್ಲ 1317 ಎಂದೇಕೆ ಅಚ್ಚಾಗಿದೆ ಎಂದು ಕೇಳಿದಳು. ನಾನು ಅಷ್ಟು ವರ್ಷ ಆ ಅಂಕಿಯನ್ನು ಹೇಳುತ್ತ ಬಂದಿದ್ದರೂ ಅದನ್ನು ಗಮನಿಸಿರಲಿಲ್ಲ.

ಅಂದಿನಿಂದ ನಮ್ಮ ಸ್ಪರ್ಧೆಯ ಪ್ರಶ್ನೆಯು ಬದಲಾಗಿದೆ. ಆಚಾರ್ಯರ ಅವತಾರವರ್ಷವನ್ನು ಬರೆದು, ಯಾವ ಆಧಾರದಿಂದ ಹಾಗೆ ಹೇಳುತ್ತೀರೆಂದು ತಿಳಿಸಿರಿ ಎಂದು ಕೇಳುತ್ತೇವೆ. ವರ್ಷಕ್ಕೆ ಒಂದು ಗುಣ, ಆಧಾರಕ್ಕೆ ಮೂರು. ತಿದ್ದುವ ಕೆಲಸವು ದುಪ್ಪಟ್ಟಾಗಿದೆಯೆಂಬುದು ನಿಜ. ಆ ಬಾಲಿಕೆಯ ಹಳೆಯ ಪತ್ರಿಕೆಯನ್ನು ತರಿಸಿಕೊಂಡು, ಗೆರೆಯ ಪಕ್ಕದಲ್ಲಿ ಗುಣವನ್ನು ಬರೆದು ರುಜು ಹಾಕಿ, ಅವಳ ತಾತನವರ ಎದುರಿಗೇ ಹಿಂದಿರುಗಿಸಿದೆ. ಅವರು ಪತ್ರಿಕೆಯನ್ನು ಮಡಿಸಿ ತಾತ್ಪರ್ಯನಿರ್ಣಯದ ಪುಸ್ತಕದೊಳಗೆ, ಆ ಶ್ಲೋಕವಿದ್ದ ಪುಟದಲ್ಲಿ ಇಟ್ಟುಕೊಂಡರು. “ನಾನಿನ್ನೂ 1199 ಅಂತಲೇ ಹೇಳುವವನು, ಆಚಾರ್ರೇ” ಎಂದು ನಕ್ಕರು. “ಮೊಮ್ಮಗಳು ಈಗ ನಿಮ್ಮ ಕಡೆಗೆ ಹೋಗಿದ್ದಾಳೆ. ಮನೆಯಲ್ಲಿ ದಿನವೂ ವಾದ ನಡೆಯುತ್ತಿದೆ.”

॥ ಶ್ರೀಕೃಷ್ಣಾರ್ಪಣಮಸ್ತು ॥